ರೇಷ್ಮೆ ಮೊಟ್ಟೆಗೆ ಹತ್ತೊಂಬತ್ತು ಗಂಟೆ

ಬೆಳಿಗ್ಗೆ ಹಿಪ್ಪುನೇರಳೆಯ ಎಳೆ ಸೊಪ್ಪು ಕಿತ್ತೆ. ತಟ್ಟೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದೆ. ನಮ್ಮವರ ಎರಡು ಅಂಗಿ ಒಗೆದು ಹರವಿದೆ. ಆಮೇಲೆ ಸತ್ತ ಹುಳುಗಳನ್ನು ಗುಡಿಸಿ, ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದೆ.

ಇದು ರುವಾಂಡಾದ ಒಂದು ಗುಡ್ಡದೂರು. ಮದ್ದೂರು ಕಡೆಯ ಸೋಮನಹಳ್ಳಿ ಪಕ್ಕದ ನಮ್ಮ ಹಳ್ಳಿ ಬಿಟ್ಟು ಎರಡು ವರ್ಷವಾಯಿತು. ಇಲ್ಲಿನ ಹೆಂಗಸರಿಗೆ ರೇಷ್ಮೆ ಸಾಕಣೆ ಕಲಿಸುವ ಕೆಲಸ ನಮ್ಮವರದು. ಹುಳದ ಮನೆಯೊಳಗೆ ಕೈ ಹಿಡಿದು ಕಲಿಸುವವಳು ನಾನು. ನಮ್ಮೂರಲ್ಲಿ ನೆಲ ಮಟ್ಟಸ, ನಾಲೆ ನೀರು ಗದ್ದೆಗೇ ಬರುತ್ತದೆ. ಇಲ್ಲಿ ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತಬೇಕು. ‘ಮುರಾಹೊ’ ಅಂದರೆ ನಮಸ್ಕಾರ. ಅದೊಂದೇ ಮಾತಿನಲ್ಲಿ ನಾನು ಮೂರು ತಿಂಗಳು ಕಳೆದೆ. ನನ್ನನ್ನು ನಂಬಿ ಮೊದಲು ಬೀನ್ಸ್ ಹೊಲ ಕಿತ್ತು ಹಿಪ್ಪುನೇರಳೆ ನೆಟ್ಟವಳು ಪಕ್ಕದ ಮನೆಯ ಕ್ಲೋದೀನ್. ಅವಳನ್ನು ನೋಡಿ ಉಳಿದವರೂ ನೆಟ್ಟರು.

ಹಿಂದಿನ ಬೆಳೆ ಕೆಟ್ಟಿತ್ತು. ಇದೂ ಕೆಟ್ಟರೆ ಕೆಲಸ ನಿಲ್ಲಿಸುತ್ತೇವೆ ಎಂದಿದ್ದರು ಮೇಲಿನವರು. ರಜೆಯ ಮೇಲೆ ಊರಿಗೆ ಹೋದ ನಮ್ಮವರು, ಬರುವಾಗ ಅಲ್ಲಿಂದಲೇ ಮೊಟ್ಟೆ ತರುವುದೆಂದಾಯಿತು.

“ಮೊಟ್ಟೆ ಇನ್ನೂ ಬೆಳ್ಳಗವೆ, ಈಗ್ಲೇ ತತ್ತೀನಿ” ಎಂದರು ಫೋನಿನಲ್ಲಿ.

“ಇಲ್ಲಿ ಚಳಿಗೆ ಒಂದೇ ಸಮ ಒಡ್ಯಾಕಿಲ್ಲ ಕಣ್ರೀ. ತಲೆ ಕಪ್ಪಾಗ್ಲಿ, ಕಪ್ಪು ಬಟ್ಟೇಲಿ ಸುತ್ಕೊಂಡು ಬನ್ನಿ. ಅತ್ತೆಮ್ಮ ಅಂಗೇ ತತ್ತಿದ್ದುದ್ದು.”

“ನಮ್ಮವ್ವ ಮಳವಳ್ಳಿಯಿಂದ ಬಸ್ಸಲ್ಲಿ ತತ್ತಿದ್ಲು ಕಣಮ್ಮಿ. ಇದು ಇಮಾನ.”

“ತಂದ್ರೆ ಅಂಗೆ ತನ್ನಿ, ಇಲ್ದಿದ್ರೆ ಬುಡಿ.”

ಒಳಗಿನ ಮರಿಯ ತಲೆ ಕಪ್ಪಾದ ಮೊಟ್ಟೆ ಕತ್ತಲಲ್ಲಿ ಸುಮ್ಮನಿರುತ್ತದೆ, ಬೆಳಕು ಬಿದ್ದರೆ ಒಡೆಯುತ್ತದೆ. ಬೆಂಗಳೂರಿನಿಂದ ಇಲ್ಲಿನ ರಾಜಧಾನಿ ಕಿಗಾಲಿಗೆ ನೇರ ಗೆರೆ ಎಳೆದರೆ ಐದೂವರೆ ಸಾವಿರ ಕಿಲೋಮೀಟರು, ಏಳು ಗಂಟೆಯ ಹಾರಾಟ. ಆದರೆ ನಮ್ಮವರ ಟಿಕೆಟ್ಟು ನೇರದ್ದಲ್ಲ. ನಡುವೆ ಇಳಿದು ಒಂಬತ್ತು ಗಂಟೆ ಕಾಯಬೇಕು, ಒಟ್ಟು ಹತ್ತೊಂಬತ್ತು. ಅಷ್ಟನ್ನೂ ನಾನು ಲೆಕ್ಕ ಹಾಕಿದ್ದೆ. ವಿಮಾನ ನಿಲ್ದಾಣದ ತಪಾಸಣೆಯವರು ಮೊಟ್ಟೆಗೆ ಸುತ್ತಿದ ಬಟ್ಟೆ ಬಿಚ್ಚುತ್ತಾರೆ ಎನ್ನುವುದು ಹೊಳೆದಿರಲಿಲ್ಲ. ಅತ್ತೆಮ್ಮನ ಮಳವಳ್ಳಿ ಬಸ್ಸಿನಲ್ಲಿ ಯಾರೂ ಬಿಚ್ಚಿದವರಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಮೊಟ್ಟೆಯ ಹಾಳೆಗಳನ್ನು ಹರಡಿ, ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿದರಂತೆ.

ನಿನ್ನೆ ರಾತ್ರಿ ನಮ್ಮವರು ಮನೆಗೆ ತಲುಪುವಷ್ಟರಲ್ಲಿ ಮರಿಗಳೆಲ್ಲ ಹೊರಗೆ ಬಂದು, ಕೂದಲ ಚೂರಿನಂತೆ ಹಾಳೆಗೆ ಅಂಟಿಕೊಂಡಿದ್ದವು. ಹಸಿದು ಸೋತ ಹುಳು. ಸೊಪ್ಪು ಹೆಚ್ಚಿ ಉದುರಿಸಿದೆ. ಒಂದೂ ಸೊಪ್ಪಿಗೆ ಹತ್ತಲಿಲ್ಲ, ಬೆಳಿಗ್ಗೆ ಕಿತ್ತ ಎಳೆ ಸೊಪ್ಪಿಗೂ ಹತ್ತದೆ ಸತ್ತವು.

“ಬುಡು, ಯಾರ ತಪ್ಪೂ ಅಲ್ಲ” ಎಂದರು ನಮ್ಮವರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕ್ಲೋದೀನ್ ಬಂದು ಖಾಲಿ ತಟ್ಟೆ ನೋಡಿದಳು. “ಬುಡಕ್ಕ” ಎಂದಳು, ನಾನು ಕಲಿಸಿದ್ದ ಕನ್ನಡದಲ್ಲೇ. ಆಮೇಲೆ ಅವಳ ಮಾತಿನಲ್ಲಿ ನಮ್ಮ ಗುದ್ದಲಿ ಕೇಳಿದಳು. ನಾಳೆ ಹಿಪ್ಪುನೇರಳೆ ಕೀಳುತ್ತಾಳಂತೆ, ಮಳೆಗೆ ಮುಂಚೆ ಬೀನ್ಸ್ ಬಿತ್ತಬೇಕಂತೆ. ತಂದು ಕೊಟ್ಟೆ.

ಬಂದುಬಿಡಿ ಎನ್ನುತ್ತಾಳೆ ಊರಿನಿಂದ ನಾದಿನಿ. ಅಲ್ಲಿ ನಮ್ಮ ಹುಳದ ಮನೆಯಲ್ಲಿ ಈಗ ಅವಳ ಹಸು ಕಟ್ಟಿದೆ; ನಾವಿಲ್ಲದೆ ಯಾವುದೂ ನಿಂತಿಲ್ಲ. ಇಲ್ಲಿ ನಾವಿದ್ದೂ ಒಂದು ಬೆಳೆ ಕೈಗೆ ಬರಲಿಲ್ಲ. ಅಲ್ಲಿಗೆ ಟಿಕೆಟ್ಟು ತೆಗೆಸಿದರೂ ಇಲ್ಲಿಗೆ ತೆಗೆಸಿದರೂ ಅದೇ ಹತ್ತೊಂಬತ್ತು ಗಂಟೆ.

ಸಂಜೆ ಉಬುಗಾಲಿ ಮಾಡಿದೆ. ಅದು ಮರಗೆಣಸಿನ ಹಿಟ್ಟಿನ ಮುದ್ದೆ, ರಾಗಿಯ ಕಂಪಿಲ್ಲ. ಜೊತೆಗೆ ಸೊಪ್ಪಿನ ಸಾರು. ನಮ್ಮವರು ಅರ್ಧ ಮುದ್ದೆ ಉಂಡು ಕೈ ತೊಳೆದರು. ಅವರೇ ಮೊದಲು ಮಲಗಿದರು, ಗೋಡೆ ಕಡೆ ಮುಖ ಮಾಡಿ.