ನಿನ್ನೆ ತಾನೇ ಹೋದ ಮನೆ

ನನ್ನ ಗಂಡನ ಬಳಿ ಒಂದು ಕಥೆ ಇದೆ. ಸಿಂಗಪುರಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಸಿಗದೆ ನಾವಿಬ್ಬರೂ ಅಲೆದ ಕಥೆ. ಇವರು ಏಜೆಂಟಿಗೆ ಫೋನ್ ಮಾಡುವುದು, ಅವನು ಇವರ ಇಂಗ್ಲಿಷ್ ಕಿವಿಗೆ ಬಿದ್ದ ಕೂಡಲೇ "ಇಂಡಿಯನ್ ಆ? ಓನರ್ ಡೋಂಟ್ ವಾಂಟ್ ಲಾ, ಕುಕಿಂಗ್ ಸ್ಮೆಲ್" ಎಂದು ಮಾತಿಗೊಂದು ಲಾ ಸೇರಿಸುವ ಇಲ್ಲಿನ ರಾಗದಲ್ಲಿ ಹೇಳಿ ಫೋನಿಡುವುದು. ನಡೆದದ್ದು ನಿಜ. ಪಕ್ಕದಲ್ಲಿ ನಿಂತು ನಾನೂ ಕೇಳಿಸಿಕೊಂಡಿದ್ದೇನೆ, ಎಂಆರ್‌ಟಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತೂ ಇದ್ದೇನೆ. ಆದರೆ ವರ್ಷ ಕಳೆದಂತೆ ಕಥೆ ಮೈ ತುಂಬಿಕೊಂಡಿದೆ. ಮೊದಲು ಬೇಡ ಅಂದವರು ನಾಲ್ಕು ಮನೆಯವರು. ಮಗಳು ಹುಟ್ಟುವ ಹೊತ್ತಿಗೆ ಒಂಬತ್ತಾದರು. ಈಗ ಹದಿನಾಲ್ಕಕ್ಕೆ ಬಂದು ನಿಂತಿದ್ದಾರೆ. ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಕೇಸರಿಬಾತಿನ ತಟ್ಟೆ ಕೈಗೆ ಬರುವ ಮೊದಲೇ ಈ ಕಥೆ ಬರುತ್ತದೆ. ಕೊನೆಯಲ್ಲಿ ಇವರು ಉಸಿರೊಂದನ್ನು ಉದ್ದಕ್ಕೆ ಬಿಟ್ಟು, ರೇಸಿಸಂ ಅಂದ್ರೆ ಏನು ಅಂತ ನಮ್ಮನ್ನ ಕೇಳಿ ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಆಡಿಸುತ್ತೇನೆ.

ಹದಿನೈದನೆಯ ಮನೆಯ ಕಥೆಯನ್ನು ಮಾತ್ರ ಇವರು ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ನನ್ನ ಆಫೀಸು ಉಬಿಯಲ್ಲಿದೆ. ಲಿಫ್ಟುಗಳ ಬಿಡಿಭಾಗ ಪರೀಕ್ಷೆ ಮಾಡುವ ಅಮೆರಿಕನ್ ಕಂಪನಿ; ಕೆಳಗಡೆ ವರ್ಕ್‌ಶಾಪುಗಳು, ಮೇಲೆ ನಾವು. ಎರಡು ವರ್ಷದ ಹಿಂದೆ ಹೆಡ್ ಆಫೀಸಿನಿಂದ ಒಬ್ಬ ಸೀನಿಯರ್ ಎಂಜಿನಿಯರ್ ಬಂದರು. ಐವತ್ತೈದು ದಾಟಿದ ಕಪ್ಪು ಅಮೆರಿಕನ್ ಹೆಂಗಸು, ಆ ದೇಶದ ದಕ್ಷಿಣದ ಕಡೆಯವರು. ನಮ್ಮ ಆಫೀಸಿನಲ್ಲಿ ಡೈರೆಕ್ಟರನ್ನೂ ಹೆಸರು ಹಿಡಿದು ಕರೆಯುವ ರೂಢಿ. ಇವರನ್ನೂ ಯಾರೋ ಹಾಗೆ ಕರೆದಾಗ ಅವರು ನಗುತ್ತಲೇ, ಮನೆತನದ ಹೆಸರಿಗೆ ಮೊದಲು ಮಿಸೆಸ್ ಸೇರಿಸಿ ಕರೆದರೆ ಸಂತೋಷ ಅಂದರು. ಅಬ್ಬಾ, ಏನು ಜಂಬ ಎಂದು ಪ್ಯಾಂಟ್ರಿಯಲ್ಲಿ ಮೂಗು ಮುರಿದವರಲ್ಲಿ ನಾನೇ ಮೊದಲಿಗಳು.

ಆಮೇಲೆ ಒಂದು ಮಧ್ಯಾಹ್ನ, ಸಾಲು ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಕಾಫಿಯವನು ಅವರನ್ನು "ಆಂಟಿ" ಎಂದು ಕರೆದ. ಇಲ್ಲಿ ಐವತ್ತು ದಾಟಿದವರೆಲ್ಲ ಆಂಟಿಯೇ, ನನ್ನನ್ನೂ ಹಾಗೇ ಕರೆಯುತ್ತಾನೆ. ಆದರೆ ಇವರ ಮುಖ ಬಿಗಿಯಿತು. ಅದು ಇಲ್ಲಿ ಗೌರವದ ಮಾತು ಎಂದು ನಾನು ಪಾಠ ಮಾಡಲು ಹೋದೆ. ತಲೆಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲು ಸ್ವಲ್ಪ ದಿನ ಬೇಕು ಅಂದರು. ಅವರ ಅಜ್ಜಿ ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಆ ಮನೆಗಳ ನಾಲ್ಕು ವರ್ಷದ ಕೂಸೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿತ್ತು, ಇಲ್ಲವೇ ಆಂಟಿ ಅನ್ನುತ್ತಿತ್ತು. ಮಿಸೆಸ್ ಅನ್ನುವುದು ಬಿಳಿಯ ಹೆಂಗಸರಿಗೆ ಮಾತ್ರ. ಅಜ್ಜಿ ಸಾಯುವವರೆಗೂ ಒಬ್ಬ ಬಿಳಿಯನ ಬಾಯಲ್ಲೂ ಆ ಮಾತು ಬರಲಿಲ್ಲ. ಅವರ ಮಗಳು, ಅಂದರೆ ಇವರ ತಾಯಿ, ಓದಿ ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆದ ದಿನ ಮನೆಯ ಬಾಗಿಲಿಗೆ ಮಿಸೆಸ್ ಎಂದು ಬರೆದ ಬೋರ್ಡು ಹಾಕಿಸಿದರಂತೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅದೇ ಕಟ್ಟಳೆ. ಬರಿಯ ಹೆಸರು ತಮ್ಮವರಿಗೆ, ಉಳಿದವರಿಗೆಲ್ಲ ಮಿಸೆಸ್. ಪ್ಯಾಂಟ್ರಿಯಲ್ಲಿ ಆಡಿದ ಮಾತು ನೆನಪಾಗಿ ನಾನು ಆ ದಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನಮ್ಮಿಬ್ಬರ ಸ್ನೇಹ ಬೆಸೆದದ್ದು ಅಲಸಂದೆ ಕಾಳು. ನನ್ನ ಡಬ್ಬಿಯಲ್ಲಿ ಅಲಸಂದೆ ಹುಳಿ ಇತ್ತು. ಅದನ್ನು ನೋಡಿ ಅವರು ಕೈಯಲ್ಲಿದ್ದ ಫೋರ್ಕನ್ನು ಕೆಳಗಿಟ್ಟರು. ಅವರಲ್ಲಿ ಹೊಸವರ್ಷದ ದಿನ ಮನೆಮನೆಯಲ್ಲೂ ಇದೇ ಕಾಳು ಬೇಯಬೇಕಂತೆ, ತಿಂದರೆ ವರ್ಷವಿಡೀ ಅದೃಷ್ಟವಂತೆ. ಬೆಂಡೆಕಾಯಿಯೂ ಅವರ ಅಡುಗೆಮನೆಯದೇ. ಮೇಲಾಗಿ ಅವರು ಹತ್ತೊಂಬತ್ತನೆಯ ವಯಸ್ಸಿನಿಂದ ಶುದ್ಧ ಸಸ್ಯಾಹಾರಿ. ಅವರ ಚರ್ಚಿನಲ್ಲಿ ತುಂಬಾ ಜನ ಹಾಗೇ. ಅಂದಿನಿಂದ ನಾನು ದಿನಾ ಎರಡು ಡಬ್ಬಿ ಒಯ್ಯತೊಡಗಿದೆ. ನಾಲ್ಕಾರು ತಿಂಗಳಾದ ಮೇಲೆ ಒಂದು ದಿನ ಕೈ ಒರೆಸಿಕೊಳ್ಳುತ್ತಾ, ಇನ್ನು ನೀನು ನನ್ನನ್ನು ಹೆಸರು ಹಿಡಿದೇ ಕರೆ ಅಂದರು. ಪದಕ ಗೆದ್ದವಳಂತೆ ಮನೆಗೆ ಬಂದು ಹೇಳಿಕೊಂಡೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದು ಕೊನೆಗೆ ತಿಳಿಯುತ್ತದೆ.

ಕಳೆದ ವರ್ಷ ಅವರ ತಾಯಿ ಬಂದು ಕೆಲವು ತಿಂಗಳು ಇರುವುದೆಂದು ಗೊತ್ತಾಯಿತು. ಎಂಬತ್ತು ದಾಟಿದ ಜೀವ, ಮಗಳ ಜೊತೆ ಇರಬೇಕೆಂದು ಆಸೆಪಟ್ಟಿದ್ದರು. ಮಗಳಿದ್ದದ್ದು ಒಂದೇ ಕೋಣೆಯ ಗೂಡು. ಆಫೀಸಿಗೆ ಹತ್ತಿರ, ಎರಡು ಕೋಣೆಯ, ಮಧ್ಯಾಹ್ನ ಓಡಿಹೋಗಿ ಅಮ್ಮನನ್ನು ನೋಡಿಬರುವಂಥ ಮನೆ ಬೇಕಿತ್ತು. ಹುಡುಕಿ ಹುಡುಕಿ ಸೋತರು. ನಮ್ಮದು ದನಿ ಕೇಳಿದ ಕೂಡಲೇ ಮುರಿದುಬೀಳುತ್ತಿತ್ತು. ಅವರದು ತಿರುಗುಮುರುಗು. ಫೋನಿನಲ್ಲಿ ಅಮೆರಿಕದ ಇಂಗ್ಲಿಷ್ ಕೇಳಿ ಏಜೆಂಟುಗಳು ಕರಗಿಹೋಗುತ್ತಿದ್ದರು, ಬಾಗಿಲಲ್ಲಿ ಮುಖ ಕಂಡ ಮೇಲೆ ಓನರಿನ ಮಗನೋ ಮಗಳೋ ಇದ್ದಕ್ಕಿದ್ದಂತೆ ವಿದೇಶದಿಂದ ವಾಪಸ್ ಬರುತ್ತಿದ್ದರು.

ಒಂದು ದಿನ ಊಟದ ಹೊತ್ತಿನಲ್ಲಿ ಅವರು ಫೋನನ್ನು ನನ್ನ ಮುಂದೆ ಹಿಡಿದರು. ಆಫೀಸಿಗೆ ಹತ್ತು ನಿಮಿಷದ ಒಂದು ಕಾಂಡೊದ ಜಾಹೀರಾತು. "ಇಂಡಿಯನ್ ವೆಜಿಟೇರಿಯನ್ ಫ್ಯಾಮಿಲಿ ಪ್ರಿಫರ್ಡ್" ಎಂದಿತ್ತು. ಎರಡರಲ್ಲಿ ಒಂದು ಪೇಪರ್ ಪಾಸಾಗಿದ್ದೇನೆ, ಇವರು ನನ್ನನ್ನು ಕರೆಯುತ್ತಾರಾ ಎಂದು ಕೇಳಿ ನಕ್ಕರು. ಫೋಟೊದಲ್ಲಿ ಹಾಲಿನ ನಡುವೆ ಒಂದು ತೇಗದ ಉಯ್ಯಾಲೆ, ಹಿತ್ತಾಳೆ ಸರಪಳಿ. ಅವರ ಊರಿನ ಮನೆಯ ಜಗಲಿಯಲ್ಲೂ ಉಯ್ಯಾಲೆ ಇತ್ತಂತೆ, ಅಮ್ಮ ಅದರ ಮೇಲೆ ಕೂತೇ ಮಕ್ಕಳ ಲೆಕ್ಕ ತಿದ್ದುತ್ತಿದ್ದರಂತೆ. ಫೋಟೊದ ಉಯ್ಯಾಲೆಯ ಮೇಲೆ ಬೆರಳಿಟ್ಟು ಇದನ್ನೆಲ್ಲ ಹೇಳಿದರು.

ಆ ಉಯ್ಯಾಲೆ ನಮ್ಮದು. ಮೈಸೂರಿನಿಂದ ಹಡಗಿನಲ್ಲಿ ತರಿಸಿದ್ದು. ಆ ಮನೆಯೂ ನಮ್ಮದು. ನಾವಿರುವುದು ಟೋವಾ ಪಾಯೋದಲ್ಲಿ. ಅದು ಬಾಡಿಗೆಗೆಂದು ಕೊಂಡದ್ದು, ಎರಡು ತಿಂಗಳಿನಿಂದ ಖಾಲಿ ಬಿದ್ದಿತ್ತು. ಇದು ನನ್ನ ಮನೆ, ಬಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೂ, ಆ ಓನರ್ ನನಗೆ ಗೊತ್ತಿರುವವರು, ಕೇಳಿ ಹೇಳುತ್ತೇನೆ ಅಂದೆ.

ಮನೆಗೆ ಬಂದು ಗಂಡನನ್ನು ಕೇಳಿದೆ. ಇವರು ಟೀ ಲೋಟ ಕೆಳಗಿಟ್ಟು, ನಂದೇನೂ ಅಬ್ಜೆಕ್ಷನ್ ಇಲ್ಲ ಅಂದರು. ನಂದೇನೂ ಇಲ್ಲ ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೆ? ಹಾಲುಕ್ಕಿಸಿ ಗೃಹಪ್ರವೇಶ ಮಾಡಿದ ಅಡುಗೆಮನೆಯಲ್ಲಿ ದನ, ಹಂದಿ ಬೇಯುತ್ತಲ್ಲ ಅನ್ನುವುದು ಮೊದಲ ತಕರಾರು. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂದೆ. ಪಾಪ, ಇವರಿಗೆ ನಿಜಕ್ಕೂ ನಿರಾಸೆಯಾಯಿತು. ಮೊಟ್ಟೆ ತಿನ್ನುವುದು ಇವರೇ, ಭಾನುವಾರ, ಹಾಕರ್ ಸೆಂಟರಿನಲ್ಲಿ, ನನಗೆ ಗೊತ್ತಿಲ್ಲ ಅಂದುಕೊಂಡು. ಮುಂದಿನದು ಮ್ಯೂಸಿಕ್ಕು, ಪಾರ್ಟಿ. ಅವರು ಹಾಡುವುದು ಚರ್ಚಿನಲ್ಲಿ ಭಜನೆ ಅಂದೆ. ಆಮೇಲೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ. ಆಮೇಲೆ ವಯಸ್ಸಾದ ತಾಯಿ, ನಮ್ಮನೇಲೇ ಏನಾದರೂ ಹೆಚ್ಚುಕಮ್ಮಿ ಆದರೆ. ಸೋಫಾದಲ್ಲಿ ಮೊಬೈಲ್ ಹಿಡಿದು ಕೂತಿದ್ದ ಮಗಳು ತಲೆಯೆತ್ತದೆ ಹೇಳಿದಳು: "ಅಪ್ಪಾ, ಇಷ್ಟೊಂದು ರೀಸನ್ ಯಾಕೆ? ಒಂದೇ ವರ್ಡ್ ಸಾಕು ಲಾ."

ಬಿಸಿಲಿಗೆ ಕಪ್ಪಾಗುತ್ತಾಳೆ ಎಂದು ಈಜಿನ ಕ್ಲಾಸು ಬಿಡಿಸಿಕೊಂಡ ಹುಡುಗಿ ಅವಳು. ಬಿಡಿಸಿದ್ದು ಇವರಲ್ಲ, ನಾನು. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ. ಯಾಕೆಂದರೆ ಆ ಸಂಜೆ ನಾನು ಜಗಳ ಆಡಲಿಲ್ಲ. ಟೊಮೆಟೊ ಬೆಲೆಗೆ ಅರ್ಧ ಗಂಟೆ ಜಗಳ ಆಡುವವಳು ಬಾಯಿ ಮುಚ್ಚಿಕೊಂಡು ಲೋಟ ತೊಳೆದೆ. ಗಂಡ ಬೇಡ ಅಂದರು ಎನ್ನುವ ನೆಪ ಸಿಕ್ಕಿತಲ್ಲ, ಒಳಗೊಳಗೇ ಹಗುರವಾಯಿತು. ಥೂ ಎಂದು ನನಗೆ ನಾನೇ ಅಂದುಕೊಂಡದ್ದು ಬಹಳ ದಿನದ ಮೇಲೆ.

ಮರುದಿನ ಅವರಿಗೆ ಹೇಳಿದೆ. "ಆ ಮನೆ ನಿನ್ನೆ ತಾನೇ ಹೋಯಿತಂತೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಕೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಡಬ್ಬಿಯಲ್ಲಿದ್ದ ಬೆಂಡೆಕಾಯಿ ಪಲ್ಯವನ್ನು ಪೂರ್ತಿ ತಿಂದರು.

ಇಷ್ಟಕ್ಕೇ ನಿಂತಿದ್ದರೆ ನಾವು ನಾವಾಗುತ್ತಿರಲಿಲ್ಲ. ಎರಡು ವಾರದ ಮೇಲೆ ನಮ್ಮ ಕನ್ನಡದವರ ತಿಂಗಳ ಉಪನ್ಯಾಸ. ಕಾರ್ಯದರ್ಶಿ ನನ್ನ ಗಂಡನೇ. ಇವರು ಆರಿಸಿದ ವಿಷಯ "ಕಪ್ಪು ಅಮೆರಿಕದ ಸಾಧನೆ ಮತ್ತು ನಾವು". ನಿನ್ನ ಫ್ರೆಂಡನ್ನೇ ಚೀಫ್ ಗೆಸ್ಟ್ ಆಗಿ ಕರ್ಕೊಂಡು ಬಾ, ಆಥೆಂಟಿಕ್ ಆಗಿರುತ್ತೆ ಅಂದರು. ಅದೇ ಬಾಯಿ, ಅದೇ ಟೀ ಲೋಟ. ನಾನು ಹೋಗಿ ಕರೆದೆ. ಅವರು ಒಪ್ಪಿದರು.

ಉಪನ್ಯಾಸದ ಹಾಲಿಗೆ ಅವರು ಬಂದದ್ದು ನೇರಳೆ ಬಣ್ಣದ ದೊಡ್ಡ ಹ್ಯಾಟು ಹಾಕಿಕೊಂಡು. ಅವರಲ್ಲಿ ಹೆಂಗಸರು ಚರ್ಚಿಗೆ ಹೋಗುವಾಗ ಹಾಕಿಕೊಳ್ಳುವಂಥದ್ದು, ಮರ್ಯಾದೆಯ ಉಡುಪು. ನಾವು ಶಾಲು ಹೊದಿಸಿದೆವು, ಹಾರ ಹಾಕಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಕೊನೆಗೆ ಮೈಸೂರು ಪೇಟ. ಹ್ಯಾಟಿನ ಮೇಲೆ ಪೇಟ ಇಡುವುದು ಹೇಗೆ? ನನ್ನ ಗಂಡ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ಟೇಜಿನ ಮೇಲೆ ಅತ್ತಿತ್ತ ನೋಡುತ್ತಾ ನಿಂತರು. ಹ್ಯಾಟು ತೆಗೆಯಿರಿ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅವರೇ ಅದನ್ನು ಇವರ ಕೈಯಿಂದ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ತಲೆಯ ಮೇಲೆ ಸೂರು ಕೊಡಲು ಆಗದವರು ಪೇಟ ಕೊಡಲು ಹೊರಟಿದ್ದೆವು.

ಆಮೇಲೆ ಇವರ ಸ್ಲೈಡ್ ಶೋ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ಹೆಂಗಸು, ರಾಕೆಟ್ಟಿನ ದಾರಿಯನ್ನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ ಹೆಂಗಸರು, ಸಂಗೀತ, ಓಟ. ಅಲ್ಲಿಂದ ಒಂದೇ ಜಿಗಿತಕ್ಕೆ ನಮ್ಮ ಕಥೆಗೆ. ಹದಿನಾಲ್ಕು ಮನೆಗಳೂ ಬಂದವು. ಏಜೆಂಟಿನ ದನಿಯನ್ನೂ ಅಣಕಿಸಿದರು, ಜನ ನಕ್ಕರು. "ಅವತ್ತು ನಮಗೆ ಬಾಡಿಗೆಗೂ ಮನೆ ಕೊಡ್ಲಿಲ್ಲ. ಇವತ್ತು ನಾವೇ ಓನರ್ಸ್" ಎಂದು ಕೊನೆಯ ಸ್ಲೈಡ್ ಒತ್ತಿದರು.

ಪರದೆಯ ತುಂಬ ತೇಗದ ಉಯ್ಯಾಲೆ. ಅದೇ ಫೋಟೊ. ಚೆನ್ನಾಗಿ ಬಂದಿದ್ದು ಅದೊಂದೇ ಎಂದು ಜಾಹೀರಾತಿಗೂ ಇಲ್ಲಿಗೂ ಇವರು ಅದನ್ನೇ ಹಾಕಿದ್ದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವರ ಕಡೆ ನೋಡಲಾರದೆ ನೋಡಿದೆ. ಹ್ಯಾಟಿನ ಕೆಳಗೆ ಅವರು ಪರದೆಯನ್ನೇ ನೋಡುತ್ತಿದ್ದರು, ತೊಡೆಯ ಮೇಲಿನ ಪೇಟವನ್ನು ಮೆಲ್ಲಗೆ ಪಕ್ಕದ ಕುರ್ಚಿಗೆ ಇಟ್ಟರು.

ಅವರ ಭಾಷಣ ಹತ್ತು ನಿಮಿಷವೂ ಇರಲಿಲ್ಲ. ಅವರಮ್ಮನ ಸ್ಕೂಲಿಗೆ ಬರುತ್ತಿದ್ದದ್ದು ಬಿಳಿಯರ ಮಕ್ಕಳು ಹರಿದು ಬಿಟ್ಟ ಪುಸ್ತಕಗಳು. ಇಲ್ಲದ ಹಾಳೆಗಳನ್ನು ಅಮ್ಮ ತಾವೇ ಬರೆದು ಅಂಟಿಸುತ್ತಿದ್ದರು. ಆ ಹಾಳೆ ಓದಿ ಡಾಕ್ಟರುಗಳಾದರು, ಜಡ್ಜ್ ಆದರು, ತಾನು ಎಂಜಿನಿಯರ್ ಆದೆ ಅಂದರು. ಆಮೇಲೆ ತಂದೆಯ ಮಾತು ಬಂತು. ಸೈನ್ಯದಿಂದ ಮರಳಿದವರು ಯೂನಿಫಾರ್ಮಿನಲ್ಲೇ ಮನೆ ನೋಡಲು ಹೋಗಿದ್ದರಂತೆ. ನಿನ್ನೆ ತಾನೇ ಹೋಯಿತು ಅಂದರಂತೆ ಓನರ್. ಬಾಡಿಗೆಗಿದೆ ಅನ್ನುವ ಬೋರ್ಡು ಮಾತ್ರ ಆ ಮನೆಯ ಮುಂದೆ ತಿಂಗಳುಗಟ್ಟಲೆ ಹಾಗೇ ಇತ್ತಂತೆ. ಇಷ್ಟು ಹೇಳಿ ಅವರು ಪರದೆಯ ಕಡೆ ತಿರುಗಿದರು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ: "ಈ ಉಯ್ಯಾಲೆ ತುಂಬಾ ಚೆನ್ನಾಗಿದೆ. ನಮ್ಮಮ್ಮನಿಗೆ ಇದರ ಮೇಲೆ ಕೂರೋದು ಬಹಳ ಇಷ್ಟ ಆಗ್ತಿತ್ತು."

ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ನನ್ನ ಗಂಡ ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಮನೆಗೆ ನಡೆದು ಬರುವಾಗ, ನಮ್ಮ ಬ್ಲಾಕಿನ ಕೆಳಗೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್ಕಿನಲ್ಲಿ, ನೋಡಿದ್ಯಾ ಉಯ್ಯಾಲೆ ಮೆಚ್ಕೊಂಡ್ರು ಎಂದು ಇವರು ಅಂದರು. ಅಪ್ಪಾ, ಅವರು ಆ್ಯಡ್‌ನಲ್ಲಿ ನೋಡಿದ್ದೂ ಸೇಮ್ ಫೋಟೊ ಎಂದು ಮಗಳು ಹೇಳಿದಳು. ಲಿಫ್ಟು ಬಂತು, ಬಾಗಿಲು ತೆರೆದು ಮುಚ್ಚಿಕೊಂಡು ಹೋಯಿತು, ನಾವು ಮೂವರೂ ಹತ್ತಲಿಲ್ಲ. ಮನೆ ಅವರಿಗೇ ಕೊಟ್ಬಿಡೋಣ ಬಿಡು ಎಂದು ಇವರು ಅಂದರು.

ಆ ಮನೆಯ ಗತಿಯನ್ನೂ ಹೇಳಿಬಿಡುತ್ತೇನೆ. ಇನ್ನೂ ಮೂರು ತಿಂಗಳು ಖಾಲಿ ಬಿದ್ದು, ಆಮೇಲೆ ಒಂದು ಇಂಡಿಯನ್ ವೆಜಿಟೇರಿಯನ್ ಫ್ಯಾಮಿಲಿಯೇ ಬಂತು. ಅವರ ಅಡುಗೆಮನೆಯಿಂದ ಬರುವ ಒಣಮೀನಿನ ವಾಸನೆಗೆ ಪಕ್ಕದ ಮನೆಯವರು ಎರಡು ಸಲ ಕಂಪ್ಲೇಂಟ್ ಕೊಟ್ಟಿದ್ದಾರೆ. ಮಕ್ಕಳ ತಲೆಗೆ ತಾಗುತ್ತೆ ಎಂದು ಉಯ್ಯಾಲೆ ಬಿಚ್ಚಿಸಿದರು. ಅದೀಗ ನಮ್ಮ ಮಲಗುವ ಕೋಣೆಯ ಗೋಡೆಗೆ ಒರಗಿ ನಿಂತಿದೆ, ಬೆಳಿಗ್ಗೆ ಎದ್ದರೆ ಮೊದಲು ಕಾಣುವುದು ಅದೇ.

ಉಪನ್ಯಾಸವಾದ ಮೇಲಿನ ಸೋಮವಾರವೇ ನಾನು ಅವರ ಮೇಜಿನ ಮುಂದೆ ನಿಂತು, ಹೆಸರು ಹಿಡಿದು ಕರೆದು, ಎಲ್ಲ ಒಪ್ಪಿಕೊಂಡೆ. ಮನೆ ನಮ್ಮದೇ, ಹೋಗಿಲ್ಲ, ಇವತ್ತೇ ಕೀ ಕೊಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದಿಟ್ಟರು. ಯಿಶುನ್‌ನಲ್ಲಿ ಮನೆ ಸಿಕ್ಕಿದೆಯಂತೆ. ಓನರ್ ಒಬ್ಬ ಚೀನೀ ಮುದುಕಿ. ಅಮ್ಮನಿಗೆ ಬಾಗಿಲ ಬೆಲ್ಲು ಕೇಳಿಸುತ್ತದಾ ಅನ್ನುವುದು ಬಿಟ್ಟರೆ ಇನ್ನೇನೂ ಕೇಳಲಿಲ್ಲವಂತೆ. ಯಿಶುನ್ ಎಂದರೆ ಆಫೀಸಿಗೆ ಒಂದು ಗಂಟೆಯ ದಾರಿ, ಮಧ್ಯಾಹ್ನ ಓಡಿಹೋಗಿ ಅಮ್ಮನನ್ನು ನೋಡಿಬರುವ ಮಾತೇ ಇಲ್ಲ. ಅಷ್ಟು ದೂರ ಯಾಕೆ, ದಯವಿಟ್ಟು ನಮ್ಮನೆಗೇ ಬಾ ಎಂದು ಬೇಡಿಕೊಂಡೆ.

"ನೀವು ಅದು ಹೋಯಿತು ಅಂದಿರಿ" ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಹೋಗಲಿ ಬಿಡಿ."

ನಾನು ತಿರುಗಿ ಎರಡು ಹೆಜ್ಜೆ ಇಟ್ಟಿದ್ದೆ. ಅವರು ಹಿಂದಿನಿಂದ, ಮೊದಲ ದಿನದ ಅದೇ ಮರ್ಯಾದೆಯ ನಗುವಿನಲ್ಲಿ, "ಇನ್ನು ಮೇಲೆ ಮತ್ತೆ ಮಿಸೆಸ್ ಅಂತಲೇ ಕರೆಯಿರಿ" ಅಂದರು.