ಕಾದಂಬರಿಯ ಮನೆಯವರು ಮುದ್ದೆ ಉಂಡ ದಿನ

ಮೊನ್ನೆ ಮೊಮ್ಮಗಳು ಒಲೆಯ ಮುಂದೆ ನಿಂತು ರಾಗಿ ಮುದ್ದೆ ತಿರುವುತ್ತಿದ್ದಳು. ನಾನು ಹುಟ್ಟಿದ್ದು ಗುಮ್ಮಘಟ್ಟದ ಕಡೆ, ಸೊಸೆಯಾಗಿ ಬಂದದ್ದು ರಾಯದುರ್ಗಕ್ಕೆ. ಎರಡೂ ಜೋಳದ ರೊಟ್ಟಿಯ ಮನೆಗಳು. ಮುದ್ದೆ ನನ್ನ ನಾಲಿಗೆಗೆ ಹತ್ತಿದ್ದಲ್ಲ. ಆದರೂ ಬೆಂದ ಹಿಟ್ಟಿನ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಒಂದು ಕಾದಂಬರಿ, ಮತ್ತು ಅದನ್ನು ನಮಗೆ ಓದಿ ಹೇಳುತ್ತಿದ್ದ ಎದುರುಮನೆಯಮ್ಮ. ಕಾದಂಬರಿಗೂ ಮುದ್ದೆಗೂ ಎಲ್ಲಿಯ ನಂಟು ಅನ್ನಬೇಡಿ. ನಂಟಿದೆ.

ಆಗ ಇನ್ನೂ ಮದರಾಸು ಸರಕಾರ. ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎದುರುಮನೆಯಮ್ಮನ ಗಂಡ ತಾಲೂಕು ಕಚೇರಿಯಲ್ಲಿ ಗುಮಾಸ್ತರು, ವರ್ಗವಾಗಿ ಬಂದವರು. ಆಕೆಯ ತವರು ಮಡಕಶಿರದ ಕಡೆಯ ಹಳ್ಳಿ. ಬಡಕಲು ಮೈ, ಮಾತು ಕಡಿಮೆ. ಬಂದು ಆರು ತಿಂಗಳಾದರೂ ಕೇರಿಯಲ್ಲಿ ಯಾರೂ ಆಕೆಯನ್ನು ಒಳಗೆ ಕರೆದು ಕೂರಿಸಿರಲಿಲ್ಲ. "ಆ ಸೀಮೆಯವ್ರು ಬಾಯಿ ಬಿಡಂಗಿಲ್ಲ, ಒಳಗ ಏನೈತೋ" ಅನ್ನುವುದು ನಮ್ಮವರ ಗುಮಾನಿ. ಆದರೆ ಪುಸ್ತಕ ಕೈಗೆ ಸಿಕ್ಕರೆ ಆಕೆಯ ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಸಾಲಿನ ಕೆಳಗೆ ತೋರುಬೆರಳು ಎಳೆಯುತ್ತ, ಎದುರಿಗೆ ಕೂತು ಮಾತಾಡಿದಂತೆ ಓದುತ್ತಿದ್ದಳು.

ನಮ್ಮ ಮನೆಯ ವಿಷಯ ಹೇಳಬೇಕು. ಗಂಡುಮಕ್ಕಳು ಇಬ್ಬರು, ಸೊಸೆಯರು ಇಬ್ಬರು: ನಾನು, ಮತ್ತು ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಎರಡು ಜಡೆ ಕೂಡಿರೋದಿಲ್ಲ ಅಂತಾರಲ್ಲ, ಹಾಗೆ ನಮಗೆ ಮಾತು ಬಿಟ್ಟುಹೋಗಿತ್ತು. ಯಾಕೆ ಅಂತ ಈಗ ಕೇಳಿದರೆ ನೆಟ್ಟಗೆ ಹೇಳಲಾರೆ... ಹಾಲಿನ ಕೆನೆ ಯಾರು ತೆಗೆದರು, ಯಾರ ಮಗುವಿಗೆ ಹೆಚ್ಚು ಹಾಕಿದರು, ಇಂಥದ್ದೇ. ನಾನು ಅಡುಗೆಮನೆಗೆ ಹೋದರೆ ಅವಳು ಹಿತ್ತಲಿಗೆ. ಬೇಕಾದ್ದನ್ನು ಗೋಡೆಗೆ ಹೇಳುವುದು, ಗೋಡೆಯಿಂದ ಕೇಳಿಸಿಕೊಳ್ಳುವುದು. ಅತ್ತೆಗೆ ಇದ್ದದ್ದು ಒಂದೇ ದಿಗಿಲು: ತಾನು ಕಣ್ಣು ಮುಚ್ಚುವ ಮೊದಲೇ ಮನೆಯಲ್ಲಿ ಎರಡು ಒಲೆ ಆಗುತ್ತವೆ ಅಂತ.

ಒಗ್ಗಟ್ಟಿನ ಮನೆಯೊಂದರ ಕಥೆಯ ಪುಸ್ತಕ ಎದುರುಮನೆಗೆ ಬಳ್ಳಾರಿಯಿಂದ ಬಂದಿದೆ ಅಂತ ಅತ್ತೆಗೆ ಯಾರೋ ಹೇಳಿದರು. ಮಳೆ ಬರಲೆಂದು ಊರಿನಲ್ಲಿ ಪುರಾಣ ಓದಿಸುವುದುಂಟು. ಮಳೆಗೆ ಓದಿಸಬಹುದಾದರೆ ಮನೆಗೆ ಯಾಕಾಗಬಾರದು ಅಂತ ಅತ್ತೆಯ ಲೆಕ್ಕ. ತಾನೇ ಹೋಗಿ ಕರೆದಳು: "ಬರ್ರಿ ಯವ್ವಾ, ನಮ್ಮ ಪಡಸಾಲ್ಯಾಗ ಕೂತು ಓದ್ರಿ. ಮುಗಿದ ದಿನ ಮಂಗಳ ಮಾಡೂಣು, ಹೋಳಿಗಿ ಮಾಡೂಣು. ಇಬ್ರೂ ಸೊಸ್ತೇರು ಕೂಡಿ ಆರತಿ ಎತ್ಲಿ." ಕಾದಂಬರಿಯನ್ನು ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಿದಳು. ದುಃಖದ ಜಾಗಕ್ಕೆ ನಿಲ್ಲಿಸಿ ಏಳಬಾರದು, ಒಳ್ಳೆಯ ಮಾತು ಬರುವವರೆಗೆ ಓದಿಯೇ ಏಳಬೇಕು ಅಂತ ಪುರಾಣದ ಕಟ್ಟಳೆಯನ್ನೂ ಹಾಕಿದಳು.

ಹಾಗೆ ಮಧ್ಯಾಹ್ನದ ಹೊತ್ತು ಶೇಂಗಾ ಸುಲಿಯುತ್ತ ಕೇಳತೊಡಗಿದೆವು. ಹೊಳೆ ದಂಡೆಯ ಊರು, ದೊಡ್ಡ ಮನೆ, ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಅನ್ನ ಉಣ್ಣುವುದು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೋ ಮೊದಲ ದಿನದಿಂದಲೇ ಅನುಮಾನ. ಆ ಕಥೆಯ ದೊಡ್ಡ ಸೊಸೆ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಗುತ್ತ ಉಣ್ಣುತ್ತಿದ್ದಳು. ನಗುತ್ತ! ನಾನು ಗೋಡೆಗೆ ಹೇಳಿದೆ, "ಈಕಿ ಒಳಗೊಳಗ ಏನೋ ನಡೆಸ್ಯಾಳ." ಗೋಡೆ ಉತ್ತರ ಕೊಡಲಿಲ್ಲ, ನೆಗೆಣ್ಣಿ ಕೊಟ್ಟಳು. "ಹೌದ. ಮಾವನ ಕೀಲಿಕೈ ಮ್ಯಾಲ ಕಣ್ಣೈತಿ ಅಕೀಗೆ."

ಎಷ್ಟೋ ದಿನಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

ಅಲ್ಲಿಂದ ಶುರುವಾಯಿತು ನೋಡಿ. ಬಾವಿಕಟ್ಟೆಯಲ್ಲಿ, ಬೀಸುಕಲ್ಲಿನ ಮುಂದೆ, ನಮ್ಮಿಬ್ಬರದೂ ಅದೇ ಮಾತು. ಕಥೆಯ ಆ ತಮ್ಮ ಯಾಕೆ ಪೇಟೆಗೆ ಹೋಗಿ ಬರೀ ಕೈಯಲ್ಲಿ ಬಂದ? ವಿಧವೆ ಅತ್ತಿಗೆಗೆ ಸೀರೆ ತಂದವರು ಯಾರು? ಬೆಂಕಿ ಇಲ್ಲದೆ ಹೊಗೆ ಆಡೀತೆ? ಎದುರುಮನೆಯಮ್ಮ ಇದನ್ನೆಲ್ಲ ಕೇಳಿ ನಕ್ಕು, "ಅಯ್ಯೋ, ಅವರು ಒಳ್ಳೆಯೋರು ಕಣ್ರಮ್ಮ, ಯಾಕಿಂಗಂತೀರ?" ಅನ್ನುತ್ತಿದ್ದಳು. ಒಳ್ಳೆಯವರೆಂದು ಇಷ್ಟು ಒತ್ತಿ ಹೇಳುತ್ತಾಳಲ್ಲ ಅಂತ ನಮಗೆ ಆಕೆಯ ಮೇಲೂ ಗುಮಾನಿ. ಅನುಮಾನಪಡುತ್ತ ಪಡುತ್ತ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಮಂಡಾಳು, ಅದೇ ಮಂಡಕ್ಕಿ, ತಿನ್ನುವಷ್ಟು ಹತ್ತಿರವಾಗಿದ್ದೆವು. ಅತ್ತೆ ಇದನ್ನು ನೋಡಿ ಪುಸ್ತಕದ ಮಹಿಮೆ ಅಂದುಕೊಂಡಳು. ಕಡಲೆಬೇಳೆ, ಬೆಲ್ಲ ತರಿಸಿಟ್ಟಳು.

ಪುಸ್ತಕದ ಹಾಳೆಗಳು ಬಲಗಡೆ ತೆಳ್ಳಗಾಗಿದ್ದ ಒಂದು ಮಧ್ಯಾಹ್ನ. ಎದುರುಮನೆಯಮ್ಮ ಓದುತ್ತ ಓದುತ್ತ ಒಂದು ಗಳಿಗೆ ನಿಂತಳು, ಹಾಳೆ ಮಗುಚಿದಳು, ಮತ್ತೆ ಶುರು ಮಾಡಿದಳು. ಮನೆಯವರೆಲ್ಲ ಉಣ್ಣಲು ಕೂತರಂತೆ. ದೊಡ್ಡ ಸೊಸೆ ಬಿಸಿ ಮುದ್ದೆ ಕಟ್ಟಿ ಕಟ್ಟಿ ಹಾಕಿದಳಂತೆ. ಚಿಕ್ಕ ಸೊಸೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿ, ಕೈ ತೊಳೆದು ಬಂದು ಅವಳ ಪಕ್ಕದಲ್ಲೇ ಕೂತಳಂತೆ...

ನೆಗೆಣ್ಣಿಯ ಕೈಯಲ್ಲಿದ್ದ ಶೇಂಗಾಕಾಯಿ ಅಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ.

"ಅಲ್ರಿ," ಅಂದಳು ನೆಗೆಣ್ಣಿ, "ಇವ್ರು ನಿನ್ನಿ ಮಟ ಅನ್ನ ಉಣ್ತಿದ್ರು. ಇವತ್ತ್ಯಾಕ ಮುದ್ದಿ ನುಂಗಾಕತ್ತಾರ?"

"ದಿನಾ ಅನ್ನ ಉಂಡು ಬೇಜಾರಾಗಿರ್ಬೇಕು ಕಣಮ್ಮ," ಅಂದಳು ಎದುರುಮನೆಯಮ್ಮ. ಬೆರಳು ಸಾಲಿನ ಮೇಲೆಯೇ ಇತ್ತು, ಆದರೆ ಅಲುಗಾಡುತ್ತಿರಲಿಲ್ಲ.

"ಹೊಳಿ ದಂಡ್ಯಾಗ ರೇಷ್ಮಿ ಹುಳ ಎಲ್ಲಿಂದ ಬಂದ್ವು?" ಇದು ನಾನು.

ಅತ್ತೆ ಮೂವರನ್ನೂ ನೋಡಿದಳು. ಆಮೇಲೆ ನನಗೆ ಹೇಳಿದಳು, "ನೀ ಸಾಲಿ ಕಲ್ತಾಕಿ. ಇಸ್ಕೊಂಡು ಓದು."

ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅಚ್ಚಿನಲ್ಲಿ ಮುದ್ದೆಯೂ ಇರಲಿಲ್ಲ, ರೇಷ್ಮೆ ಹುಳವೂ ಇರಲಿಲ್ಲ. ಅಣ್ಣತಮ್ಮಂದಿರು ಪಾಲು ಕೇಳಿದ್ದರು. ಅಂಗಳದ ನಡುವೆ ಗೋಡೆ ಎದ್ದಿತ್ತು. ಅಡುಗೆಮನೆಯಲ್ಲಿ ಎರಡು ಒಲೆ ಹೊತ್ತಿದ್ದವು. ಅಲ್ಲಿಗೆ ಬಂದಾಗ ನಾನು ಓದು ನಿಲ್ಲಿಸಿದೆ. ನೆಗೆಣ್ಣಿ ನೆಲ ನೋಡುತ್ತಿದ್ದಳು.

"ಹೋಳಿಗೆಗೆ ಬೇಳೆ ಬೇರೆ ತರ್ಸಿದ್ರಿ ದೊಡ್ಡಮ್ಮ," ಅಂದಳು ಎದುರುಮನೆಯಮ್ಮ, ಮೆಲ್ಲಗೆ. "ಇದನ್ನ ಹೆಂಗೆ ಓದ್ಲಿ, ನೀವೇ ಹೇಳಿ."

ಈಗ ಆಕೆಯ ಮೇಲೆ ಅತ್ತೆ ಸಿಡಿಯುತ್ತಾಳೆ ಅಂದುಕೊಂಡೆ. ಅತ್ತೆ ಸಿಡಿದದ್ದು ಪುಸ್ತಕದ ಮೇಲೆ. "ಬರದಾಂವ ಯಾವನೋ ಏನೋ, ಅವನ ಹೊಟ್ಟ್ಯಾಗ ಏನಿತ್ತೋ. ಒಂದು ಮನಿ ಚಲೋ ಇರೋದು ನೋಡಾಕ ಆಗಿಲ್ಲ ಅವಗ. ಅಚ್ಚು ಹಾಕಿದ್ದೆಲ್ಲ ಖರೇ ಏನು? ನೀ ಓದಿದ್ದ ಖರೆ. ಓದವ್ವಾ, ಆ ಮುದ್ದಿ ಉಣ್ಣೋರು ಮುಂದ ಏನು ಮಾಡಿದ್ರು?"

ಆಕೆ ಪುಸ್ತಕ ತೆಗೆದುಕೊಂಡಳು. ಬೆರಳಿಟ್ಟಳು. "ಆ ಮನೆಯವರು..." ಅಂದಳು. ನಾವೆಲ್ಲ ಆ ಬೆರಳನ್ನೇ ನೋಡುತ್ತಿದ್ದೆವು. ಅದರ ಕೆಳಗೆ ಏನು ಬರೆದಿದೆ ಎಂದು ಈಗ ಎಲ್ಲರಿಗೂ ಗೊತ್ತಿತ್ತು. "ಆ ಮನೆಯವರು..." ಅಂತ ಇನ್ನೊಮ್ಮೆ ಅಂದು, ಪುಸ್ತಕ ಮುಚ್ಚಿ, ಮಣೆಯ ಮೇಲಿಟ್ಟು, ಎದ್ದು ಹೋದಳು. ಕಟ್ಟಳೆ ಮುರಿಯಿತು. ಒಳ್ಳೆಯ ಮಾತು ಬರುವ ಮೊದಲೇ ಎಲ್ಲರೂ ಎದ್ದೆವು.

ಮತ್ತೆ ಆಕೆ ನಮ್ಮ ಪಡಸಾಲೆಗೆ ಬರಲಿಲ್ಲ. ಅತ್ತೆ ಎರಡು ಸಲ ಹೋಗಿ ಕರೆದಳು, ತಲೆನೋವು ಅಂದಳಂತೆ. ಆ ಬೇಸಗೆಯಲ್ಲೇ ಗುಮಾಸ್ತರಿಗೆ ವರ್ಗವಾಯಿತು. ಎತ್ತಿನ ಗಾಡಿಗೆ ಸಾಮಾನು ಹೇರುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ಒಮ್ಮೆ ತಿರುಗಿ ನೋಡಿ, ತಲೆ ಆಡಿಸಿ, ಗಾಡಿ ಹತ್ತಿದಳು. ಆಮೇಲೆ ಎಲ್ಲಿದ್ದಳೋ, ಹೇಗಿದ್ದಳೋ... ಆ ಮುದ್ದೆ ಉಣ್ಣುವ ಮನೆ ಆಕೆಯ ತವರೋ, ಅಥವಾ ಅಂಥದ್ದೊಂದು ತವರು ಇಲ್ಲದವಳು ಕಟ್ಟಿಕೊಂಡ ಮಾತೋ, ಅದೂ ತಿಳಿಯಲಿಲ್ಲ. ಮಡಕಶಿರದ ಹತ್ತಿರದ ಹೇಮಾವತಿಗೆ ದೇವರ ದರ್ಶನಕ್ಕೆ ಹೋದಾಗೊಮ್ಮೆ ದಾರಿಯಲ್ಲಿ ಹಿಪ್ಪುನೇರಳೆ ಹೊಲ ಕಂಡಿತು. ಬಸ್ಸಿನ ಕಿಟಕಿಯಿಂದ ಹುಚ್ಚಿಯ ಹಾಗೆ ಹೆಂಗಸರ ಮುಖಗಳನ್ನೆಲ್ಲ ನೋಡಿದೆ.

ಇತ್ತ ನಮಗಿಬ್ಬರಿಗೂ ಆಡಲು ಮಾತೇ ಉಳಿಯಲಿಲ್ಲ. ಅನುಮಾನಪಡಲು ಹೊರಗಿನವರು ಯಾರೂ ಇಲ್ಲವಾದ ಮೇಲೆ ಮತ್ತೆ ಒಬ್ಬರನ್ನೊಬ್ಬರು ಅನುಮಾನಿಸತೊಡಗಿದೆವು. ಮತ್ತೆ ಕೆನೆಯ ಮಾತು, ಮತ್ತೆ ಗೋಡೆಗೆ ಹೇಳುವುದು. ಯುಗಾದಿಗೆ ಎರಡನೇ ಒಲೆ ಹಾಕಿದರು. ತರಿಸಿಟ್ಟ ಬೇಳೆಯನ್ನು ಅತ್ತೆ ಎರಡು ಪಾಲು ಮಾಡಿ ಕೊಟ್ಟಳು. ಆ ಹೊತ್ತು ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಹೋದ ವರ್ಷ ನೆಗೆಣ್ಣಿ ಹಾಸಿಗೆ ಹಿಡಿದಳೆಂದು ನೋಡಲು ಹೋಗಿದ್ದೆ. ಮಲಗಿದ್ದವಳು ತಟ್ಟನೆ ಕೇಳಿದಳು, "ಆ ಮುದ್ದಿ ಉಣ್ಣೋರ ಮನಿ ಏನಾತು?"

"ಇನ್ನೂ ಒಂದ ಒಲಿ ಐತಕ್ಕಾ," ಅಂದೆ.

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ದಿಟ್ಟಿಸಿದಳು, ಹಳೆಯ ನೋಟ. "ನೀ ಸುಳ್ಳ ಹೇಳಾಕತ್ತಿ," ಅಂದಳು. ಮತ್ತೆ ತಾನೇ "ಹೇಳು, ಹೇಳು," ಅಂದಳು.

ಹೇಳಿದೆ. ದೊಡ್ಡ ಸೊಸೆ ಏನು ಅಡುಗೆ ಮಾಡಿದಳು, ಚಿಕ್ಕವಳು ಎಷ್ಟು ಸೊಪ್ಪು ತಂದಳು, ಇಬ್ಬರೂ ಹೇಗೆ ಒಂದೇ ತಟ್ಟೆಯಲ್ಲಿ... ಅವಳು ನಡುನಡುವೆ "ಸುಳ್ಳು" ಅನ್ನುತ್ತ ಕೇಳುತ್ತಿದ್ದಳು. ಕೈ ನನ್ನ ಕೈಯಲ್ಲಿತ್ತು. ವಾರದಲ್ಲೇ ಹೋಗಿಬಿಟ್ಟಳು.

ಮೊಮ್ಮಗಳು ತಟ್ಟೆಯಲ್ಲಿ ಮುದ್ದೆ ತಂದಿಟ್ಟು, ಯಾಕಜ್ಜಿ ಸುಮ್ಮನಾದಿ ಅಂದಳು. ಅವಳಿಗೂ ಆ ಮನೆಯ ಕಥೆ ಹೇಳಿದೆ, ಒಂದೇ ಒಲೆ ಇದ್ದ ಹಾಗೆಯೇ. ಅವಳು ತುತ್ತು ಮುರಿಯುತ್ತ, ಎಷ್ಟು ಚೆನ್ನಾಗಿತ್ತಲ್ಲ ಅಜ್ಜಿ ಅಂದಳು. ಪೂರ್ತಿ ನಂಬಿಬಿಟ್ಟಿದ್ದಳು. ಸುಳ್ಳು ಅನ್ನುವವಳು ಪಕ್ಕದಲ್ಲಿ ಇರಲಿಲ್ಲ.