ತಂಗಿಯ ಮಗು ಮತ್ತು ಬಜೆ ಎಣ್ಣೆ

ತಂಗಿ ಬಾಣಂತನಕ್ಕೆಂದು ಮಾಲೂರಿನಿಂದ ತವರಿಗೆ ಬಂದಿದ್ದ ವರ್ಷ ನಾನು ಕೋಲಾರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಪಿಎಚ್.ಡಿ. ಕೆಲಸವನ್ನೂ ಮಾಡುತ್ತಿದ್ದೆ. ಔಷಧಿ ಗಿಡಗಳಿಂದ ಎಣ್ಣೆ ತೆಗೆದು, ಅದರಲ್ಲಿ ಏನೇನಿದೆ, ಅದು ಏನು ಮಾಡುತ್ತದೆ ಎಂದು ಪರೀಕ್ಷಿಸುವ ಕೆಲಸ. ತುಳಸಿ, ದೊಡ್ಡಪತ್ರೆ ಮುಗಿಸಿ ಬಜೆಗೆ ಬಂದಿದ್ದೆ. ಒಣಗಿದ ಬೇರನ್ನು ಕುಟ್ಟಿ, ಗಾಜಿನ ಬುರುಡೆಯಲ್ಲಿ ನೀರಿನ ಜೊತೆ ಗಂಟೆಗಟ್ಟಲೆ ಕುದಿಸಿದರೆ, ಆವಿಯೊಂದಿಗೆ ಎಣ್ಣೆಯೂ ಬಂದು ತಣ್ಣಗಾಗಿ ಕೊಳವೆಯಲ್ಲಿ ನಿಲ್ಲುತ್ತದೆ. ಒಂದು ಮೊರ ಬೇರಿಗೆ ಸಿಗುವುದು ಒಂದೆರಡು ಚಮಚ. ಆ ಎಣ್ಣೆ ಹಚ್ಚಿದ ಕಾಗದವನ್ನು ಅಕ್ಕಿಹುಳುಗಳ ಡಬ್ಬಿಯಲ್ಲಿ ಇಟ್ಟಿದ್ದೆ. ಕೆಲವೇ ದಿನಗಳಲ್ಲಿ ಅಷ್ಟೂ ಸತ್ತಿದ್ದವು. ಖುಷಿಯಿಂದ ತಂಗಿಗೆ ಫೋನ್ ಮಾಡಿ ಹೇಳಿದ್ದೆ.

ಒಂದು ಶನಿವಾರ ಕಾಲೇಜಿನ ಫ್ರಿಜ್ ಕೆಟ್ಟಿತು. ಎಣ್ಣೆಯ ಸಣ್ಣ ಶೀಶೆಯನ್ನು ಶ್ರೀನಿವಾಸಪುರದ ಹತ್ತಿರದ ನಮ್ಮೂರಿಗೇ ತಂದೆ.

"ಅದೇನೇ?" ಎಂದರು ಅಮ್ಮ.

"ಬಜೆ ಎಣ್ಣೆ ಅಮ್ಮ. ಬಜೇಲಿರೋ ಸತ್ವ ಎಲ್ಲಾ ಇಷ್ಟರಲ್ಲೇ ಇದೆ."

ಅಮ್ಮ ಮುಚ್ಚಳ ತೆಗೆದು ಮೂಸಿ ನೋಡಿ, "ಹೌದು ಕಣೇ, ಅದೇ ವಾಸನೆ" ಎಂದರು. ಎರಡು ತಿಂಗಳ ಮಗುವಿಗೆ ಅವರು ಆಗಾಗ ಬಜೆಯನ್ನು ಕಲ್ಲಿನ ಮೇಲೆ ತೇಯ್ದು ಎದೆಹಾಲಿನಲ್ಲಿ ನೆಕ್ಕಿಸುತ್ತಿದ್ದರು. ನಾನು ಶೀಶೆಯನ್ನು ಫ್ರಿಜ್ಜಿನಲ್ಲಿಟ್ಟು ಊಟಕ್ಕೆ ಕೂತೆ.

ಮರುದಿನ ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಕೆಳಗಿನಿಂದ ಅಮ್ಮನ ಕೂಗು ಕೇಳಿತು. "ಬಿಡ್ಡ ಕಳ್ಳು ತೆರವಲೇದು!" ಹೆದರಿದಾಗ ಅವರ ಬಾಯಲ್ಲಿ ತೆಲುಗೇ ಬರುವುದು. ಮಗು ಕಣ್ಣು ಬಿಡುತ್ತಿರಲಿಲ್ಲ. ಎರಡು ಸಲ ವಾಂತಿ ಮಾಡಿ, ಒದ್ದೆ ಬಟ್ಟೆಯ ಹಾಗೆ ತಂಗಿಯ ತೋಳಿನ ಮೇಲೆ ಬಿದ್ದಿತ್ತು.

ಆಟೋದಲ್ಲಿ ಶ್ರೀನಿವಾಸಪುರದ ಆಸ್ಪತ್ರೆಗೆ ಓಡಿದೆವು. ಮಗುವಿನ ಬಾಯಿ ಮೂಸಿದ ಡಾಕ್ಟರಮ್ಮ, "ಬಜೆ ತೇಯ್ದು ಕೊಟ್ರಾ?" ಎಂದು ಕೇಳಿದರು.

"ಇವತ್ತು ತೇಯ್ಲಿಲ್ಲ ಮೇಡಂ," ಎಂದರು ಅಮ್ಮ. "ನಮ್ ದೊಡ್ಡ ಮಗಳು ಎಣ್ಣೆ ತಂದಿದ್ಲಲ್ಲ, ಅದನ್ನೇ ಎರಡು ತೊಟ್ಟು ಹಾಲಲ್ಲಿ ಹಾಕ್ಕೊಟ್ಟೆ."

"ಆ ಎಣ್ಣೇಲಿ ಏನಿದೆ?" ಡಾಕ್ಟರ್ ನನ್ನತ್ತ ತಿರುಗಿದರು. ನನಗೆ ಬಾಯಿಪಾಠವಾಗಿದ್ದ ವಿಷಯ. ಆದರೂ ಅವರು ಎರಡನೇ ಸಲ ಗದರಿಸಿ ಕೇಳಿದ ಮೇಲೆಯೇ, "ಬೀಟಾ ಅಸರೋನ್... ಬಜೇಲಿರೋ ವಿಷದ ಅಂಶ, ಹೆಚ್ಚುಕಮ್ಮಿ ಪೂರ್ತಿ ಅದೇ" ಎಂದೆ. ಅವರು ಕೂಡಲೇ ಆಂಬುಲೆನ್ಸ್ ಕರೆಸಿದರು.

ಕೋಲಾರದ ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಹೊರಗೆ ಬೆಂಚಿನ ಮೇಲೆ ತಂಗಿ, ನಾನು. ಅವಳು ಕೇಳಿದಳು: "ಅಕ್ಕ, ಹುಳ ಎಲ್ಲಾ ಸತ್ತೋದ್ವು ಅಂತ ಫೋನಲ್ಲಿ ಹೇಳಿದ್ಯಲ್ಲ. ಅದೇ ಎಣ್ಣೇನಾ?"

"ಹೂಂ."

ಅವಳು ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತಳು.

ಮಾರನೆಯ ದಿನ ಮಧ್ಯಾಹ್ನ ಮಗು ಹಾಲಿಗೆ ಅತ್ತಿತು. ಇನ್ನು ಭಯವಿಲ್ಲ ಎಂದ ಮಕ್ಕಳ ಡಾಕ್ಟರ್, ತೇಯ್ದ ಬಜೆಯನ್ನೂ ಕೊಡಬೇಡಿ ಎಂದರು. "ಇವರಿಬ್ಬರನ್ನೂ ಅದನ್ನ ಕೊಟ್ಟೇ ಸಾಕಿದ್ದು" ಎಂದು ಅಮ್ಮ ಮೆಲ್ಲಗೆ ಹೇಳಿದರು.

ಮನೆಗೆ ಬಂದ ಮೇಲೆ ಅವರು ನನ್ನನ್ನು ಬೈಯಲಿಲ್ಲ. ಸೊಪ್ಪು ಬಿಡಿಸುತ್ತ ಒಂದು ದಿನ ಕೇಳಿದರು: "ಓದಿದವಳು ನೀನು. ಮಗೂಗೆ ಕೊಡಬೇಡ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ?"

"ಹೊಳೀಲಿಲ್ಲ ಅಮ್ಮ" ಎಂದೆ. ಅದು ನಿಜವಾಗಿತ್ತು. ಹುಳುಗಳ ಡಬ್ಬಿಯೂ ತೊಟ್ಟಿಲೂ ನನ್ನ ತಲೆಯಲ್ಲಿ ಎಂದೂ ಒಂದೇ ಕಡೆ ಸೇರಿರಲಿಲ್ಲ.

ಐದು ತಿಂಗಳು ಇರಬೇಕಾದ ತಂಗಿ ಮೂರಕ್ಕೇ ಮಾಲೂರಿಗೆ ಹೊರಟುಹೋದಳು. ಅಮ್ಮನಿಗೆ ದಿನಾ ಫೋನ್ ಮಾಡುತ್ತಿದ್ದಳು, ನನ್ನ ವಿಷಯ ಮಾತ್ರ ಕೇಳುತ್ತಿರಲಿಲ್ಲ. ಸುಮಾರು ಎರಡು ತಿಂಗಳ ನಂತರ, ಕ್ಲಾಸ್ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಮೊಬೈಲಿನಲ್ಲಿ ಒಂದು ವಿಡಿಯೊ ಬಂದಿತ್ತು. ಚಾಪೆಯ ಮೇಲೆ ಮಗು ಮುಲುಕಿ ಮುಲುಕಿ ಕೊನೆಗೂ ಮಗುಚಿಕೊಂಡು ತಲೆ ಎತ್ತಿತ್ತು. ಹಿಂದಿನಿಂದ ತಂಗಿಯ ದನಿ: "ಅಕ್ಕ, ಬೋರಲು ಬಿದ್ದ ನೋಡು."